ಪ್ಲಗ್ ಕಿತ್ತರೂ ಹೊಡೆಯುವ ಕರೆಂಟು: ಹಳೆಯ ಡಬ್ಬ ಟಿ.ವಿ. ಬಿಚ್ಚುವ ಮುನ್ನ



ಕುದೇರಿನ ಕಡೆಯ ಒಂದು ಸಂಘದ ವಾರದ ಸಭೆಯಲ್ಲಿ ಒಬ್ಬ ಸದಸ್ಯೆ ಮಗನಿಗೆ ಟಿ.ವಿ. ರಿಪೇರಿ ಕೆಲಸ ಹಾಕಿಕೊಡಲು ಸಾಲ ಕೇಳಿದರು. ಹುಡುಗ ಐ.ಟಿ.ಐ. ಅರ್ಧಕ್ಕೆ ಬಿಟ್ಟವನು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕೈ ಪಳಗಿಸಿಕೊಂಡಿದ್ದ. ಮನೆಯ ಜಗಲಿಯಲ್ಲೇ ಒಂದು ಮೇಜು ಹಾಕಿ ಶುರು ಮಾಡುವ ಆಸೆ. ಆ ಸಭೆಯಲ್ಲಿ ನಾನೂ ಕೂತಿದ್ದೆ. ಕಂತು ಎಷ್ಟು, ಬಡ್ಡಿ ಎಷ್ಟು, ಹಿಂದಿನ ಸಾಲ ತೀರಿದೆಯಾ, ಎಲ್ಲವನ್ನೂ ವಿಚಾರಿಸಿದೆವು. ಈ ಕೆಲಸದಲ್ಲಿ ಅಪಾಯ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೂರು ತಿಂಗಳು ತುಂಬಿರಲಿಲ್ಲ, ಹುಡುಗನ ಬಲಗೈಗೆ ಏಳು ಹೊಲಿಗೆ ಬಿತ್ತು. 21 ಇಂಚಿನ ಹಳೆಯ ಕಲರ್ ಟಿ.ವಿ. ಒಂದನ್ನು ಬಿಚ್ಚಿ ಧೂಳು ಒರೆಸುತ್ತಿದ್ದನಂತೆ. ಟ್ಯೂಬಿನ ಬೆನ್ನ ಮೇಲಿರುವ ರಬ್ಬರ್ ಟೋಪಿಯನ್ನು ಬೆರಳಿನಿಂದ ಎತ್ತಿದ್ದಾನೆ. ಫಟ್ ಅಂತ ಏಟು ಬಿದ್ದಿದೆ. ಕೈ ಹಿಂದಕ್ಕೆಳೆದ ರಭಸಕ್ಕೆ ಮೊಣಕೈ ಟ್ಯೂಬಿನ ಕತ್ತಿಗೆ ತಗುಲಿ, ಗಾಜು ಮುರಿದು, ಬುಸ್ ಅಂತ ಗಾಳಿ ನುಗ್ಗಿ, ಅದೇ ಗಾಜಿನ ಮೇಲೆ ಕೈ ಬಿದ್ದಿದೆ. ಅವರ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: "ಪ್ಲಗ್ಗೇ ಕಿತ್ತಾಕಿದ್ದ ಕಣ್ ಸಿಸ್ಟರ್. ಬೆಳಿಗ್ಗೆಯಿಂದ ಆನೇ ಮಾಡಿರ್ನಿಲ್ಲ. ಕರೆಂಟೇ ಇಲ್ದೆ ಅದೆಂಗೆ ಹೊಡೀತು?"

ನನಗೆ ಉತ್ತರ ಗೊತ್ತಿರಲಿಲ್ಲ. ಚಾಮರಾಜನಗರದಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಕೊಂಡು ಹೋದೆ, ಪುಸ್ತಕಗಳನ್ನೂ ನೋಡಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಡಬ್ಬ ಟಿ.ವಿ. ಈಗ ಅಂಗಡಿಗೆ ಬರುವುದಿಲ್ಲ, ನಿಜ. ಆದರೆ ನಮ್ಮ ಊರುಗಳಲ್ಲಿ ಅವು ಇನ್ನೂ ಇವೆ. 1987ರಲ್ಲಿ ರಾಮಾಯಣ ಧಾರಾವಾಹಿ ಬಂದಾಗ ಊರಿಗೆ ಒಂದೋ ಎರಡೋ ಇದ್ದ ಕಪ್ಪು ಬಿಳುಪು ಸೆಟ್ಟುಗಳು ಕೆಲವರ ಅಟ್ಟದ ಮೇಲಿವೆ. ಆ ಕಪ್ಪು ಬಿಳುಪು ಟ್ಯೂಬುಗಳು ನಮ್ಮ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದವು. ಆಮೇಲೆ ಬಂದ ಕಲರ್ ಸೆಟ್ಟುಗಳು ಸೆಟ್ ಟಾಪ್ ಬಾಕ್ಸ್ ಹಾಕಿಕೊಂಡು ಈಗಲೂ ನಡೆಯುತ್ತವೆ. ಗಡಿಯಾಚೆ ತಮಿಳುನಾಡು ಸರ್ಕಾರ 2006ರಿಂದ 2011ರವರೆಗೆ ಬಡ ಕುಟುಂಬಗಳಿಗೆ 14 ಇಂಚಿನ ಕಲರ್ ಟಿ.ವಿ. ಉಚಿತವಾಗಿ ಹಂಚಿತ್ತಲ್ಲ, ಅಂಥದ್ದೊಂದು ಸೆಟ್ಟು ತಾಳವಾಡಿಯ ತವರಿನಿಂದ ಬಂದು ನಮ್ಮ ಸದಸ್ಯೆಯೊಬ್ಬರ ಮನೆಯಲ್ಲಿ ಇರುವುದನ್ನು ನಾನೇ ನೋಡಿದ್ದೇನೆ. ಹಾಳಾದರೆ ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಯಾರಾದರೊಬ್ಬ ಹುಡುಗ ಬಂದು ಸ್ಕ್ರೂ ಬಿಚ್ಚುತ್ತಾನೆ.

ಕರೆಂಟು ಎಲ್ಲಿ ಅಡಗಿ ಕೂತಿರುತ್ತದೆ?

ಹೊಲದ ಮೋಟಾರು ನಿಲ್ಲಿಸಿದ ಮಾತ್ರಕ್ಕೆ ಟ್ಯಾಂಕಿನ ನೀರು ಖಾಲಿಯಾಗುತ್ತದಾ? ಇಲ್ಲ. ನಲ್ಲಿ ತಿರುಗಿಸಿದರೆ ಸುರಿಯುತ್ತದೆ. ಟಿ.ವಿ.ಯ ಒಳಗೂ ಅಂಥ ಟ್ಯಾಂಕುಗಳಿವೆ, ಅವು ತುಂಬಿಟ್ಟುಕೊಳ್ಳುವುದು ಕರೆಂಟನ್ನು. ಪಂಪ್‌ಸೆಟ್ಟಿನ ಡಬ್ಬದಲ್ಲಿ ಕೆಪಾಸಿಟರ್ ಇರುತ್ತದಲ್ಲ, ಕೆಲವರು ಕಂಡೆನ್ಸರ್ ಅನ್ನುತ್ತಾರೆ, ಅದೇ ಜಾತಿ.

ಟಿ.ವಿ.ಯಲ್ಲಿ ಇಂಥ ಎರಡು ಟ್ಯಾಂಕುಗಳನ್ನು ಮುಖ್ಯವಾಗಿ ನೆನಪಿಡಬೇಕು. ಮೊದಲನೆಯದು ಪಿಕ್ಚರ್ ಟ್ಯೂಬೇ. ಟ್ಯೂಬಿನ ಹಿಂದಿನ ಸಣ್ಣ ಕತ್ತಿನಿಂದ ಹೊರಟ ಎಲೆಕ್ಟ್ರಾನ್ ಕಣಗಳನ್ನು ಮುಂದಿನ ಪರದೆಗೆ ಜೋರಾಗಿ ಎಳೆದು ಅಪ್ಪಳಿಸಿದಾಗ ಮಾತ್ರ ಚಿತ್ರ ಮೂಡುತ್ತದೆ. ಹಾಗೆ ಎಳೆಯಲು ಮನೆಯ 230 ವೋಲ್ಟ್ ಸಾಲದು. ಮೆಕ್ಯಾನಿಕ್‌ಗಳು ಎಲ್.ಓ.ಟಿ. ಎಂದು ಕರೆಯುವ ಭಾಗ ಅದನ್ನು ಏರಿಸಿ ಏರಿಸಿ ಕಪ್ಪು ಬಿಳುಪು ಸೆಟ್ಟಿನಲ್ಲಿ 10,000 ವೋಲ್ಟ್‌ಗೂ ಹೆಚ್ಚು, ಕಲರ್ ಸೆಟ್ಟಿನಲ್ಲಿ 20,000ದಿಂದ 25,000 ವೋಲ್ಟ್ ಅಥವಾ ಅದಕ್ಕೂ ಮೇಲೆ ಮಾಡಿ, ಆ ರಬ್ಬರ್ ಟೋಪಿಯ ಅಡಿಯಿಂದ ಟ್ಯೂಬಿನೊಳಕ್ಕೆ ಕಳಿಸುತ್ತದೆ. ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ಪೆನ್ಸಿಲ್ ಕಡ್ಡಿಯಂಥ ಕಪ್ಪು ಲೇಪ ಇರುತ್ತದೆ. ಎರಡು ಲೇಪ, ನಡುವೆ ಗಾಜು. ಅಲ್ಲೇ ಕರೆಂಟು ಕೂತುಬಿಡುತ್ತದೆ. ಕೆಲವು ಸೆಟ್ಟುಗಳಲ್ಲಿ ತಾನಾಗೇ ಇಳಿದುಹೋಗುತ್ತದೆ, ಕೆಲವದರಲ್ಲಿ ದಿನಗಟ್ಟಲೆ ಇರುತ್ತದೆ. ಹೊರಗಿನಿಂದ ನೋಡಿ ಯಾವುದು ಎಂಥದ್ದು ಅಂತ ಹೇಳಲಾಗದು. ಆ ಹುಡುಗನಿಗೆ ಹೊಡೆದದ್ದು ಇದೇ.

ಇನ್ನೊಂದು ವಿಚಿತ್ರ. ಒಮ್ಮೆ ಖಾಲಿ ಮಾಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಒಂದಿಷ್ಟು ಒಸರುತ್ತದೆ. ಬೇಸಿಗೆಯಲ್ಲಿ ಹೊಳೆಯ ಮರಳು ತೋಡಿ ಒರತೆ ನೀರು ಮೊಗೆದ ಮೇಲೆ ಗುಂಡಿಯಲ್ಲಿ ಮತ್ತೆ ನೀರು ನಿಲ್ಲುವುದಿಲ್ಲವಾ, ಹಾಗೆ. ಅದಕ್ಕೇ ಆ ಹಿರಿಯ ಮೆಕ್ಯಾನಿಕ್ ಎರಡು ಮೂರು ಸಲ ಖಾಲಿ ಮಾಡದೆ ಕೈ ಹಾಕುವುದಿಲ್ಲ.

ಎರಡನೆಯ ಟ್ಯಾಂಕು ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್. ಕರೆಂಟು ಒಳಗೆ ಬರುವ ಕಡೆಯಲ್ಲೇ, ಬೋರ್ಡಿನ ಮೇಲೆ ಸಣ್ಣ ಡಬ್ಬಿಯ ಹಾಗೆ ನಿಂತಿರುತ್ತದೆ. ಇದರಲ್ಲಿ ಸುಮಾರು 320 ವೋಲ್ಟ್. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಟ್ಯೂಬಿಗಿಂತ ಇದಕ್ಕೇ ಹೆಚ್ಚು ಹೆದರಬೇಕು ಅಂದರು ಆ ಮೆಕ್ಯಾನಿಕ್. ಟ್ಯೂಬಿನದು ಎತ್ತರದಿಂದ ಬೀಳುವ ಒಂದು ಲೋಟ ನೀರು, ಇದು ಹತ್ತಿರದಿಂದ ಸುರಿಯುವ ಒಂದು ಕೊಡ. ಟ್ಯೂಬಿನ ಉಳಿಕೆ ಕರೆಂಟು ಗಟ್ಟಿಮುಟ್ಟಾದವರನ್ನು ತಾನೇ ಸಾಯಿಸುವುದು ಅಪರೂಪ. ಬೆಚ್ಚಿ ಕೈ ಎಳೆಯುವಾಗ, ಎತ್ತಿದ ಟ್ಯೂಬನ್ನು ಕೈಬಿಡುವಾಗ ಆಗುವ ಗಾಯವೇ ಹೆಚ್ಚು. ಎದೆ ಕಾಯಿಲೆ ಇರುವವರಿಗೆ ಮಾತ್ರ ಆ ಧೈರ್ಯವನ್ನೂ ಹೇಳಲಾಗದು. ಇನ್ನು ಸೆಟ್ಟು ಓಡುತ್ತಿರುವಾಗ ಮುಟ್ಟಿದರೆ ಕಥೆಯೇ ಬೇರೆ, ಆಗ ಟ್ಯಾಂಕು ತುಂಬುತ್ತಲೇ ಇರುತ್ತದೆ.

ಖಾಲಿ ಮಾಡುವ ಕ್ರಮ

ಇದನ್ನು ನೀವೇ ಮಾಡಿ ಅಂತ ಬರೆಯುತ್ತಿಲ್ಲ. ನಿಮ್ಮ ಮಗನೋ ತಮ್ಮನೋ ಮಾಡುವಾಗ ಸರಿಯಾಗಿ ಮಾಡುತ್ತಿದ್ದಾನಾ ಅಂತ ನೋಡಲು ಬರೆಯುತ್ತಿದ್ದೇನೆ.

ಮೊದಲು ಸ್ವಿಚ್ ಆರಿಸಿ ಪ್ಲಗ್ ಕೀಳಬೇಕು, ಜೊತೆಗೆ ಕೇಬಲ್ ಅಥವಾ ಡಿಶ್ ವೈರನ್ನೂ. ಹಿಂದಿನ ಮುಚ್ಚಳವನ್ನು ನೆಟ್ಟಗೆ ಹಿಂದಕ್ಕೆ ಎಳೆಯಬೇಕು. ಓರೆಯಾಗಿ ಎಳೆದರೆ ಟ್ಯೂಬಿನ ಕತ್ತಿಗೆ ತಗಲುತ್ತದೆ. ಟ್ಯೂಬಿನ ಹೊರಮೈಯನ್ನು ಸುತ್ತಿ ಹೋಗುವ ಒಂದು ಹೆಣೆದ ಬರಿ ತಂತಿ ಕಾಣುತ್ತದೆ. ಒಂದು ವೈರಿನ ತುದಿಯ ಕ್ಲಿಪ್ಪನ್ನು ಮೊದಲು ಆ ತಂತಿಗೆ ಹಾಕಬೇಕು. ಆಮೇಲೆ ಇನ್ನೊಂದು ತುದಿಯನ್ನು, ಉದ್ದನೆಯ ಒಳ್ಳೆಯ ಪ್ಲಾಸ್ಟಿಕ್ ಹಿಡಿಯಿರುವ ಸ್ಕ್ರೂಡ್ರೈವರಿನ ಲೋಹದ ಭಾಗಕ್ಕೆ. ಈ ಕ್ರಮ ತಿರುಗುಮುರುಗಾಗಬಾರದು. ನಂತರ ಒಂದೇ ಕೈಯಲ್ಲಿ ಹಿಡಿ ಹಿಡಿದು ರಬ್ಬರ್ ಟೋಪಿಯ ಅಂಚಿನಿಂದ ಮೆಲ್ಲಗೆ ತೂರಿಸಿ ಒಳಗಿನ ಲೋಹಕ್ಕೆ ಮುಟ್ಟಿಸಿದರೆ ಚಟ್ ಅಂತ ಶಬ್ದ ಬರುತ್ತದೆ. ಬರದೆಯೂ ಇರಬಹುದು. ಕೆಲವು ಕ್ಷಣ ಹಾಗೇ ಹಿಡಿದು, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮುಟ್ಟಿಸಬೇಕು. ತಿಳಿದವರು ವೈರಿನ ನಡುವೆ ದೊಡ್ಡ ರೆಸಿಸ್ಟರ್ ಸೇರಿಸುತ್ತಾರೆ, ಅದು ಇನ್ನೂ ಒಳ್ಳೆಯದು. ಹೆಣೆದ ತಂತಿಯನ್ನು ಬಿಟ್ಟು ಬೋರ್ಡಿನ ಯಾವುದೋ ಜಾಗಕ್ಕೆ ಕ್ಲಿಪ್ ಹಾಕಿದರೆ ಐ.ಸಿ.ಗಳು ಸುಟ್ಟುಹೋಗುತ್ತವೆ.

ದೊಡ್ಡ ಕೆಪಾಸಿಟರನ್ನು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಖಾಲಿ ಮಾಡುವ ಚಟ ನಮ್ಮ ಹುಡುಗರಲ್ಲಿದೆ. ಕಿಡಿ ಹಾರಿ ಲೋಹ ಕರಗಿ ಕಣ್ಣಿಗೆ ಬೀಳಬಹುದು. ಹೋಲ್ಡರಿಗೆ ಹಾಕಿದ 100 ವ್ಯಾಟಿನ ಹಳೆಯ ತಂತಿ ಬಲ್ಬಿನ ಎರಡು ವೈರುಗಳನ್ನು ಅದರ ಎರಡು ಕಾಲುಗಳಿಗೆ ಮುಟ್ಟಿಸಿದರೆ, ಬಲ್ಬು ಒಮ್ಮೆ ಮಿನುಗಿ ಆರುತ್ತದೆ. ಎಲ್.ಇ.ಡಿ. ಬಲ್ಬು ಇದಕ್ಕೆ ನಡೆಯದು. ಆಮೇಲೆ ಮೀಟರಿನಲ್ಲಿ ನೋಡಿ ಸೊನ್ನೆ ಇದೆಯೆಂದು ಖಚಿತ ಮಾಡಿಕೊಳ್ಳಬೇಕು. ಆದರೆ ಅದೇ ಮೀಟರನ್ನು ಟ್ಯೂಬಿನ ಟೋಪಿಯ ಹತ್ತಿರ ತರಬಾರದು. ಸಾಮಾನ್ಯ ಮೀಟರು ತಾಳುವುದು 1,000 ವೋಲ್ಟ್ ಆಸುಪಾಸು.

ಸ್ಟೆಬಿಲೈಸರ್ ಇದ್ದರೆ ಸಾಕಾ?

ಸಾಲದು. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಹಳೆಯ ಸೆಟ್ಟುಗಳಲ್ಲಿ ಒಳಗಿನ ಬೋರ್ಡಿನ ಒಂದು ಭಾಗ, ಕೆಲವದರಲ್ಲಿ ಲೋಹದ ಚೌಕಟ್ಟು ಪೂರ್ತಿ, ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತದೆ. ಬೀದಿಯ ಲೈನಿಗೂ ಅದಕ್ಕೂ ನಡುವೆ ತಡೆಯೇ ಇಲ್ಲ. ಮಣ್ಣಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಿದರೆ ಕರೆಂಟು ಮೈಯಿಂದ ನೆಲಕ್ಕೆ ಹರಿಯುತ್ತದೆ. ಸ್ಟೆಬಿಲೈಸರ್ ವೋಲ್ಟೇಜನ್ನು ಏರಿಸಿ ಇಳಿಸುತ್ತದೆಯೇ ಹೊರತು ಲೈನಿನಿಂದ ಬೇರ್ಪಡಿಸುವುದಿಲ್ಲ. ಬೇರ್ಪಡಿಸುವುದು ಐಸೋಲೇಷನ್ ಟ್ರಾನ್ಸ್‌ಫಾರ್ಮರ್. 230 ಹೋಗಿ 230 ಆಗಿಯೇ ಹೊರಗೆ ಬರುತ್ತದೆ, ಆದರೆ ಲೈನಿನ ನಂಟು ಕಡಿದಿರುತ್ತದೆ. ರಿಪೇರಿ ಮೇಜಿಗೆ ಮೊದಲು ಬೇಕಾದ್ದು ಇದು. ಮೆಕ್ಯಾನಿಕ್‌ಗಳು ಹಾಕಿಕೊಳ್ಳುವ ಸೀರೀಸ್ ಬಲ್ಬು ಒಳಗೆ ಶಾರ್ಟ್ ಇದೆಯಾ ಅಂತ ತಿಳಿಸಲು ಒಳ್ಳೆಯದು, ಅದೂ ಶಾಕ್ ತಡೆಯುವುದಿಲ್ಲ.

ಮನೆಯಲ್ಲಿ ನಾವು ಹೆಂಗಸರು ಮಾಡುವ ತಪ್ಪೂ ಇಲ್ಲೇ ಇದೆ. ಹಳೆಯ ಕಪ್ಪು ಬಿಳುಪು ಟಿ.ವಿ.ಯ ಸೌಂಡ್ ತಿರುಗಿಸುವ ಬಿರಡೆ ಬಿದ್ದುಹೋದರೆ ಒಳಗಿನ ಲೋಹದ ಕಡ್ಡಿಯನ್ನೇ ಬೆರಳಲ್ಲೋ ಇಕ್ಕಳದಲ್ಲೋ ತಿರುಗಿಸುತ್ತಿದ್ದೆವು. ಆ ಕಡ್ಡಿಗೂ ಕರೆಂಟು ಬಂದಿರಬಹುದು. ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವುದಂತೂ ಮನೆಮನೆಯ ರೂಢಿ. ಫ್ಯೂಸ್ ಸಾಯುವುದು ಮನೆ ಉಳಿಸಲು. ದಪ್ಪ ತಂತಿ ಸುತ್ತಿದರೆ ಮುಂದಿನ ಸಲ ಸುಡುವುದು ಸೆಟ್ಟೇ, ಅದರ ಹಿಂದೆ ಕಿಟಕಿಯ ಪರದೆ. ಮಳೆಗಾಲದಲ್ಲಿ ಹಿಂಬದಿಯಿಂದ ಸೀಂಯ್ ಅನ್ನುವ ಸದ್ದು, ನೀಲಿ ಕಿಡಿ, ಸುಟ್ಟ ವಾಸನೆ ಬಂದರೆ ಆರಿಸಿ ಪ್ಲಗ್ ಕೀಳಿ. ತಟ್ಟಿ ನೋಡಬೇಡಿ. ಧೂಳು ಒರೆಸಲು ಮುಚ್ಚಳ ಬಿಚ್ಚುವುದೂ ಬೇಡ, ಹೊರಗಿನಿಂದ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಸೆಟ್ಟನ್ನು ಓಡಿಸಿಯೇ ಸರಿಪಡಿಸಬೇಕಾದ ಕೆಲಸಗಳಿವೆ. ಆಗ ಒಂದು ಕೈ ಬೆನ್ನ ಹಿಂದೆ ಅಥವಾ ಜೇಬಿನಲ್ಲಿರಬೇಕು. ಎರಡು ಕೈಯಲ್ಲೂ ಮುಟ್ಟಿದರೆ ಕರೆಂಟು ಈ ಕೈಯಿಂದ ಆ ಕೈಗೆ ಎದೆಯ ಮೇಲೇ ಹಾದುಹೋಗುತ್ತದೆ. ಕಾಲಿಗೆ ರಬ್ಬರ್ ಚಪ್ಪಲಿ, ಅಡಿಗೆ ಒಣ ಹಲಗೆ. ಉಂಗುರ, ಲೋಹದ ಬಳೆ, ತೂಗಾಡುವ ಸರ ತೆಗೆದಿಡಬೇಕು. ಹಿಂದೆ ಕೈಯಿಟ್ಟು ಮುಂದಿನ ಪರದೆ ನೋಡಲು ಮೈ ಬಾಗಿಸುವ ಬದಲು ಎದುರಿಗೆ ಒಂದು ಕನ್ನಡಿ ನಿಲ್ಲಿಸಿಕೊಂಡರೆ ಆಯಿತು. ಈ ಕನ್ನಡಿಯ ಉಪಾಯ ನನಗೆ ಬಹಳ ಹಿಡಿಸಿತು, ಐವತ್ತು ರೂಪಾಯಿಯ ಕನ್ನಡಿಯಲ್ಲಿ ಒಂದು ಜೀವ ಉಳಿಯಬಹುದು.

ಚಿತ್ರ ಅಗಲವಾಗಲಿ, ಬೆಳಕು ಜಾಸ್ತಿಯಾಗಲಿ ಅಂತ ಒಳಗಿನ ವೋಲ್ಟೇಜ್ ಏರಿಸಿಡುವ ಹುಡುಗರಿಗೂ ಒಂದು ಮಾತು. ಮಿತಿ ಮೀರಿದರೆ ಟ್ಯೂಬಿನಿಂದ ಎಕ್ಸ್‌ರೇ ಹೊರಬರಬಹುದು. 1967ರಲ್ಲಿ ಅಮೆರಿಕದಲ್ಲಿ ಇದೇ ಕಾರಣಕ್ಕೆ ಕಲರ್ ಟಿ.ವಿ.ಗಳನ್ನು ವಾಪಸು ಪಡೆದು, ಮರುವರ್ಷ ಕಾನೂನೇ ತಂದರು. ಸರಿಯಾಗಿರುವ ಸೆಟ್ಟನ್ನು ನೋಡುವುದರಿಂದ ಆ ಭಯವಿಲ್ಲ.

ಗಾಜಿನೊಳಗೆ ಏನೂ ಇಲ್ಲ, ಅದೇ ಅಪಾಯ

ಟ್ಯೂಬಿನೊಳಗೆ ಗಾಳಿಯನ್ನೂ ಬಿಡದೆ ಹೀರಿ ತೆಗೆದಿರುತ್ತಾರೆ. ಹೊರಗಿನ ಗಾಳಿ ಒಂದೊಂದು ಚದರ ಸೆಂಟಿಮೀಟರಿಗೂ ಸುಮಾರು ಒಂದು ಕಿಲೋ ಭಾರದಂತೆ ಒತ್ತುತ್ತಿರುತ್ತದೆ. ಲೆಕ್ಕ ಹಾಕಿದರೆ 20 ಇಂಚಿನ ಪರದೆಯ ಮೇಲೆ ಸುಮಾರು 1,200 ಕಿಲೋ, ಅಂದರೆ ಕ್ವಿಂಟಾಲ್ ತೂಕದ ಹನ್ನೆರಡು ಮೂಟೆ ರಾಗಿ ಹೇರಿಟ್ಟ ಹಾಗೆ. ದೊಡ್ಡ ಏಟು ಬಿದ್ದರೆ ಗಾಜು ಮೊದಲು ಒಳಕ್ಕೆ ಕುಸಿದು, ಚೂರುಗಳು ಅದೇ ವೇಗದಲ್ಲಿ ಹೊರಕ್ಕೆ ಸಿಡಿಯುತ್ತವೆ. ಮುಂದಿನ ಗಾಜು ದಪ್ಪ, ಸುತ್ತ ಉಕ್ಕಿನ ಪಟ್ಟಿ ಬಿಗಿದಿರುತ್ತಾರೆ. ಹಿಂದಿನ ಕತ್ತು ಮಾತ್ರ ಬಲ್ಬಿನ ಗಾಜಿನಷ್ಟೇ ತೆಳು. ಕತ್ತು ಹಿಡಿದು ಟ್ಯೂಬನ್ನು ಎಂದೂ ಎತ್ತಬಾರದು. ಪರದೆಯ ಭಾಗ ಎದೆಯ ಕಡೆಗಿರುವಂತೆ, ಕೆಳಗಿನಿಂದ ಎರಡು ಕೈ ಕೊಟ್ಟು ಎತ್ತಬೇಕು. ಕೆಳಗಿಡುವಾಗ ಗೋಣಿಚೀಲ ಹಾಸಿ ಪರದೆಯನ್ನು ಕೆಳಮುಖ ಮಾಡಿ ಇಡಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ ಬೇಕೇ ಬೇಕು. ಮಕ್ಕಳು ಆ ಜಾಗದಲ್ಲಿ ಇರಕೂಡದು.

ಒಂಟಿಯಾಗಿ ಬೇಡ

ರಿಪೇರಿ ನಡೆಯುವಾಗ ಮನೆಯಲ್ಲಿ ಇನ್ನೊಬ್ಬರಿರಬೇಕು, ಅವರಿಗೆ ಮೇನ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿರಬೇಕು. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವವರು ನಾವೇ. ಹುಡುಗ ಕರೆಂಟಿಗೆ ಅಂಟಿಕೊಂಡರೆ ತಾಯಿಯಾದವಳ ಕೈ ಮೊದಲು ಅವನನ್ನು ಹಿಡಿದು ಎಳೆಯಲು ಹೋಗುತ್ತದೆ. ಹಾಗೆ ಹಿಡಿದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಮೊದಲು ಮೇನ್ ಆರಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ, ಒಣ ಹಲಗೆಯ ಮೇಲೆ ನಿಂತು ಬೇರ್ಪಡಿಸಿ. ಕೂಗಿ ಜನ ಕರೆಯಿರಿ, 108ಕ್ಕೆ ಫೋನ್ ಮಾಡಿಸಿ. ಉಸಿರು ನಿಂತು ಎಚ್ಚರ ತಪ್ಪಿದ್ದರೆ ಎದೆಯ ಮಧ್ಯಭಾಗವನ್ನು ಎರಡೂ ಅಂಗೈಯಿಂದ ನಿಮಿಷಕ್ಕೆ 100ರಿಂದ 120 ಸಲದಂತೆ ಬಲವಾಗಿ ಒತ್ತುತ್ತಲೇ ಇರಬೇಕು, ಆಂಬುಲೆನ್ಸ್ ಬರುವವರೆಗೆ. ನೀರು ಕುಡಿಸಬಾರದು. ಸುಧಾರಿಸಿಕೊಂಡು ಎದ್ದು ಕೂತರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎದೆಬಡಿತದ ಏರುಪೇರು ಕಣ್ಣಿಗೆ ಕಾಣುವುದಿಲ್ಲ.

ಸಾಲ ಕೊಡುವಾಗ ಕೇಳಬೇಕಾದ್ದು

ಆ ಸಂಘದವರು ಈಗ ಒಂದು ತೀರ್ಮಾನಕ್ಕೆ ಬಂದಿದ್ದಾರೆ. ಎಲೆಕ್ಟ್ರಿಕ್ ಕೆಲಸಕ್ಕೆ ಸಾಲ ಕೇಳಿದರೆ ಸಾಮಾನಿನ ಪಟ್ಟಿ ತರಿಸುತ್ತಾರೆ. ಸೋಲ್ಡರಿಂಗ್ ಕಡ್ಡಿ, ಮೀಟರ್, ಬಿಡಿಭಾಗ ಮಾತ್ರ ಇದ್ದರೆ ಪಟ್ಟಿ ವಾಪಸು. ಐಸೋಲೇಷನ್ ಟ್ರಾನ್ಸ್‌ಫಾರ್ಮರ್, ಕಣ್ಣಿನ ಕನ್ನಡಕ, ರಬ್ಬರ್ ಹಾಸು, ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್ನಿನ ಬೋರ್ಡು, ಶಾಕ್ ಹೊಡೆದಾಗ ತಾನೇ ಬಿದ್ದುಹೋಗುವ ಇ.ಎಲ್.ಸಿ.ಬಿ. ಸ್ವಿಚ್, ಇವಿಷ್ಟೂ ಸೇರಿಸಿ ಸಾಲದ ಮೊತ್ತ ಹೆಚ್ಚಿಸಿ ಕೊಡುತ್ತಾರೆ. ಆದರೆ ಇ.ಎಲ್.ಸಿ.ಬಿ. ಇದೆ ಅಂತ ಮೈಮರೆಯಬಾರದು. ಪ್ಲಗ್ ಕಿತ್ತ ಮೇಲೆ ಟ್ಯಾಂಕಿನಲ್ಲಿ ಉಳಿದ ಕರೆಂಟನ್ನು ಅದು ತಡೆಯಲಾರದು. "ಸಾಲ ಜಾಸ್ತಿಯಾಯ್ತದೆ, ಕಂತು ಕಟ್ಟೋದು ಯಾರು?" ಎಂದು ಒಬ್ಬರು ತಕರಾರು ತೆಗೆದರು. ಆ ತಾಯಿಯೇ ಉತ್ತರ ಕೊಟ್ಟರು, ಮಗ ಒಂದೂವರೆ ತಿಂಗಳು ಕೆಲಸವಿಲ್ಲದೆ ಕೂತಾಗ ಕಂತು ಕಟ್ಟಿದ್ದು ತಾನು ಡೇರಿಗೆ ಹಾಕಿದ ಹಾಲಿನ ದುಡ್ಡಿನಲ್ಲಿ ಎಂದು. ಆಮೇಲೆ ಯಾರೂ ಮಾತಾಡಲಿಲ್ಲ.

ಸತ್ತ ಟಿ.ವಿ. ಎಲ್ಲಿಗೆ?

ಗುಜರಿಯವರಿಗೆ ಬೇಕಾದ್ದು ತಾಮ್ರ ಮತ್ತು ಬೋರ್ಡು. ಟ್ಯೂಬಿನ ಕತ್ತಿಗೆ ಸುತ್ತಿದ ತಾಮ್ರದ ಸುರುಳಿ ಬಿಚ್ಚಿಕೊಳ್ಳಲು ಹುಡುಗರು ಕಲ್ಲು ಹೊಡೆದು ಟ್ಯೂಬ್ ಒಡೆಯುವುದನ್ನು ನೋಡಿದ್ದೇನೆ. ಸಿಡಿತದ ಅಪಾಯ ಒಂದು ಕಡೆ. ಇನ್ನೊಂದು, ಕಲರ್ ಟ್ಯೂಬಿನ ಹಿಂದಿನ ಗಾಜಿನಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ, ಎಕ್ಸ್‌ರೇ ತಡೆಯಲೆಂದೇ ಹಾಕಿದ್ದು. ಪರದೆಯ ಒಳಮೈಯ ಬಿಳಿ ಪುಡಿಯೂ ಉಸಿರಿಗೆ ಹೋಗಬಾರದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಬೆಸುಗೆ ಹಾಕುವ ತಂತಿಯಲ್ಲೂ ಸೀಸ ಇರುತ್ತದೆ, ಆದ್ದರಿಂದ ಕೈ ಸೋಪಿನಲ್ಲಿ ತೊಳೆಯದೆ ಮುದ್ದೆಗೆ ಕೈ ಹಾಕಬಾರದು.

ಒಡೆದ ಗಾಜು ನಮ್ಮಲ್ಲಿ ಸೇರುವುದು ತಿಪ್ಪೆಗೆ. ತಿಪ್ಪೆಯ ಗೊಬ್ಬರ ಹೊಲಕ್ಕೆ. ಆ ಹೊಲದಲ್ಲಿ ಬರಿಗಾಲಲ್ಲಿ ಕಳೆ ಕೀಳುವವರು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಹಳೆಯ ಟಿ.ವಿ.ಗಳು ಇ-ತ್ಯಾಜ್ಯದ ಪಟ್ಟಿಯಲ್ಲಿ ಬರುತ್ತವೆ. ಇದಕ್ಕೆ ದೇಶದಲ್ಲಿ 2012ರಿಂದ ನಿಯಮವಿದೆ, ಈಗಿನ ಹೊಸ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅನುಮತಿ ಪಡೆದ ಘಟಕಗಳಿಗೆ ಮಾತ್ರ ಇದನ್ನು ಒಡೆಯುವ ಅಧಿಕಾರ. ಅಂಥ ಘಟಕಗಳು ನಮ್ಮ ರಾಜ್ಯದಲ್ಲೂ ಇವೆ. ಸೆಟ್ಟನ್ನು ಒಡೆಯದೆ, ಮುಚ್ಚಳ ಸಮೇತ ಇಡೀಯಾಗಿ ಇಟ್ಟು ಪಂಚಾಯಿತಿಯಲ್ಲಿ ವಿಚಾರಿಸಿ. ಹಲವು ಕಡೆ ಪಂಚಾಯಿತಿಯ ಕಸದ ಗಾಡಿ ಓಡಿಸುವವರು, ಕಸ ವಿಂಗಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಅವರಿಗೂ ಈ ಕರಪತ್ರ ಓದಿ ಹೇಳಿ, ಗಾಡಿಯಲ್ಲಿ ಟ್ಯೂಬ್ ಬಂದರೆ ಬೇರೆ ಇಡಲಿ, ಬೇರೆ ಕಸದ ಮೇಲೆ ಎಸೆಯದಿರಲಿ. ಒಡೆದೇ ಹೋಗಿದ್ದರೆ ದಪ್ಪ ಕೈಚೀಲ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಚೂರುಗಳನ್ನು ಆರಿಸಿ ಗಟ್ಟಿ ಡಬ್ಬಕ್ಕೆ ತುಂಬಬೇಕು. ಒಣಗಿದ್ದಾಗ ಪೊರಕೆ ಆಡಿಸಿದರೆ ಪುಡಿ ಏಳುತ್ತದೆ.

ಆ ಹುಡುಗನ ಕೈ ಮುರಿದ ಟ್ಯೂಬಿನ ಗಾಜು ಎರಡು ಹಳೆಯ ಬಣ್ಣದ ಡಬ್ಬಗಳಲ್ಲಿ ತುಂಬಿ ಅವರ ಹಿತ್ತಿಲಿನಲ್ಲಿದೆ. ಮೇಲೆ ಅವನೇ ಸುಣ್ಣದಲ್ಲಿ "ಮುಟ್ಟಬೇಡಿ" ಅಂತ ಬರೆದಿದ್ದಾನೆ. ಪಂಚಾಯಿತಿ ಗಾಡಿಯವರು ಬಂದು ನೋಡಿಕೊಂಡು ಹೋಗಿದ್ದಾರೆ, ಇನ್ನೂ ತೆಗೆದುಕೊಂಡು ಹೋಗಿಲ್ಲ. ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಎತ್ತಬೇಕು.